ಕ್ಯಾನ್ಸರ್ ಸಂಶೋಧನೆಗಾಗಿ ಓಡಲು ನನಗಿದ್ದ ಕಾರಣಗಳು

ಕ್ಯಾನ್ಸರ್ ಸಂಶೋಧನೆಗೆ ಹಣ ಸಂಗ್ರಹಿಸುವ ಸಲುವಾಗಿ ಮಡಿಕೇರಿಯಲ್ಲಿ ಏರ್ಪಾಡಾಗಿದ್ದ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಡುವಾಗ, ಅರ್ಜಿಯಲ್ಲಿ ‘ಭಾಗವಹಿಸಲು ಕಾರಣ’ ಎಂದಿದ್ದ ಕಡೆ ನಾನು ‘ಕುಟುಂಬದ ಅನುಭವ’ ಎಂದಷ್ಟೇ ಬರೆದಿದ್ದೆ. ಅಲ್ಲಿದ್ದ ಜಾಗ ಅಷ್ಟಕ್ಕೇ ಸಾಲುತ್ತಿತ್ತು. ಆಮೇಲೆ ರಸೀದಿ ಪುಸ್ತಕ ಹಿಡಿದು ದೇಣಿಗೆಗೆಂದು ಮನೆಮನೆಗೆ, ತೋಟತೋಟಕ್ಕೆ ಹೋದಾಗ ಜನ ಎರಡು ಪ್ರಶ್ನೆ ಕೇಳಿದರು. ಐವತ್ತರ ಹತ್ತಿರ ಬಂದಿರುವ, ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿಯಲಲ್ಲದೆ ಬೇರೆ ಯಾವುದಕ್ಕೂ ಓಡಿರದ ಹೆಂಗಸಿಗೆ ಈಗ ಇದೇಕೆ ಎಂಬುದು ಮೊದಲನೆಯದು. ಅದನ್ನು ನಕ್ಕು ತಳ್ಳಿಹಾಕಬಹುದಿತ್ತು. ಎರಡನೆಯದು ಗಂಭೀರವಾದದ್ದು: ಕಾಯಿಲೆ ಬಿದ್ದವರಿಗೆ ನೇರವಾಗಿ ಕೊಡುವುದನ್ನು ಬಿಟ್ಟು, ಯಾರ ಕಣ್ಣಿಗೂ ಕಾಣದ ಸಂಶೋಧನೆಗೆ ಏಕೆ ಕೊಡಬೇಕು? ಈ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಉತ್ತರ ಹೇಳುವುದು ಸುಲಭವಾಗಿರಲಿಲ್ಲವಾದ್ದರಿಂದ ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಕುಶಾಲನಗರದ ಬಳಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುವುದು ನನ್ನ ಉದ್ಯೋಗ. ತವರು ಸೋಮವಾರಪೇಟೆ ಕಡೆಯ ಒಂದು ಹಳ್ಳಿ. ನಮ್ಮ ಮನೆಗೆ ಕ್ಯಾನ್ಸರ್ ಎರಡು ಸಲ ಬಂತು. ಮೊದಲು ಅಪ್ಪನಿಗೆ, ಅದಾಗಿ ಕೆಲವು ವರ್ಷಗಳ ಮೇಲೆ ನನ್ನ ತಂಗಿಯ ಮಗನಿಗೆ.

ಅಪ್ಪನಿಗೆ ಬಂದದ್ದು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಈ ಗ್ರಂಥಿ ಜಠರದ ಹಿಂದೆ, ಬೆನ್ನುಮೂಳೆಯ ಹತ್ತಿರ ಅಡಗಿಕೊಂಡಿರುವುದರಿಂದ ಅಲ್ಲಿ ಗಡ್ಡೆ ಬೆಳೆದರೂ ಬಹುಕಾಲ ಕೈಗೆ ಸಿಗುವುದಿಲ್ಲ. ಮೊದಲು ಬೆನ್ನುನೋವು ಕಾಣಿಸಿಕೊಂಡಿತು; ಜೀವಮಾನವಿಡೀ ಮೆಣಸಿನ ಬಳ್ಳಿಗೆ ಏಣಿ ಹಾಕಿ ಹತ್ತಿದ, ಗೊಬ್ಬರದ ಮೂಟೆ ಹೊತ್ತ ಬೆನ್ನು ನೋಯುವುದರಲ್ಲಿ ಯಾರಿಗೂ ವಿಶೇಷ ಕಾಣಲಿಲ್ಲ. ನಂತರ ಎಂದೂ ಇಲ್ಲದಿದ್ದ ಸಕ್ಕರೆ ಕಾಯಿಲೆ ಬಂತು, ಮೈ ಇಳಿಯಿತು, ಕಡೆಗೆ ಕಣ್ಣು ಹಳದಿಯಾಯಿತು. ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸಿದಾಗ ಗಡ್ಡೆ ಯಕೃತ್ತಿಗೂ ಹರಡಿತ್ತು. ಇನ್ನೂ ಮೊದಲೇ ಕರೆತಂದಿದ್ದರೆ ಗೊತ್ತಾಗುತ್ತಿತ್ತೇ ಎಂದು ಅಣ್ಣ ಕೇಳಿದ್ದಕ್ಕೆ ಅಲ್ಲಿನ ವೈದ್ಯರು ಮುಚ್ಚುಮರೆಯಿಲ್ಲದೆ ಮಾತಾಡಿದರು. ಲಕ್ಷಣ ತೋರುವ ಮುನ್ನವೇ ಸಾಮಾನ್ಯ ಜನರಲ್ಲಿ ಈ ಕ್ಯಾನ್ಸರನ್ನು ಪತ್ತೆಹಚ್ಚುವ, ನೆಚ್ಚಬಹುದಾದ ಪರೀಕ್ಷೆ ಇನ್ನೂ ಇಲ್ಲ. ಶಸ್ತ್ರಚಿಕಿತ್ಸೆ ಮಾಡಬಹುದಾದ ಹಂತದಲ್ಲಿ ಸಿಗುವವರು ಐವರಲ್ಲಿ ಒಬ್ಬರಿಗಿಂತ ಹೆಚ್ಚಿಲ್ಲ. ಎಲ್ಲ ಸೌಕರ್ಯವೂ ಇರುವ ಅಮೆರಿಕದಲ್ಲಿಯೇ ಈ ಕಾಯಿಲೆಯವರಲ್ಲಿ ಐದು ವರ್ಷ ಬದುಕುಳಿಯುವವರು ನೂರಕ್ಕೆ ಸುಮಾರು 13 ಮಂದಿ ಎಂಬುದನ್ನು ನಾನು ಆಮೇಲೆ ಓದಿ ತಿಳಿದೆ. ಅಪ್ಪ ಆ ವರ್ಷದ ಕಾಫಿ ಕೊಯ್ಲು ನೋಡಲಿಲ್ಲ.

ಊರಿನವರು ನಮಗೆ ಯಾವುದಕ್ಕೂ ಕಡಿಮೆ ಮಾಡಲಿಲ್ಲ ಎಂಬುದನ್ನು ಹೇಳಲೇಬೇಕು. ಹಣ ಕೇಳುವ ಮೊದಲೇ ಬಂತು; ಆಸ್ಪತ್ರೆಗೆ ಹೋಗಿಬರಲು ಪಕ್ಕದ ತೋಟದವರು ಜೀಪನ್ನು ನಮ್ಮ ಅಂಗಳದಲ್ಲೇ ನಿಲ್ಲಿಸಿಬಿಟ್ಟಿದ್ದರು. ಆದರೆ ಅಷ್ಟೂ ಹಣ, ಅಷ್ಟೂ ಮಮತೆ ಸೇರಿಯೂ ಇಲ್ಲದ ಔಷಧಿಯನ್ನು ತರಿಸಲು ಸಾಧ್ಯವಿರಲಿಲ್ಲ. ದುಡ್ಡಿದ್ದರೆ ಎಲ್ಲಿಂದಲಾದರೂ ತರಿಸಬಹುದು ಎಂದು ಕಡೆಯವರೆಗೂ ನಂಬಿದ್ದ ಅಣ್ಣನಿಗೆ ಅದು ಜೀರ್ಣವಾಗಲು ಬಹಳ ಕಾಲ ಬೇಕಾಯಿತು.

ತಂಗಿಯ ಮಗನದು ಬೇರೆಯೇ ಕಥೆ. ಆಗ ಅವನಿಗೆ ಆರು ವರ್ಷ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಕಾಲುನೋವೆಂದು ಅಳು, ಮುಖದಲ್ಲಿ ರಕ್ತವಿಲ್ಲದ ಬಣ್ಣ, ಎಲ್ಲಿಯೂ ಬೀಳದೆ ತೊಡೆಯ ಮೇಲೆ ಮೂಡುತ್ತಿದ್ದ ನೀಲಿ ಗುರುತುಗಳು. ಕುಶಾಲನಗರದ ವೈದ್ಯರೊಬ್ಬರು ರಕ್ತ ಪರೀಕ್ಷೆಯ ವರದಿ ನೋಡಿದ ಕೂಡಲೇ, ಊಟಕ್ಕೂ ಮನೆಗೆ ಹೋಗಬೇಡಿ, ಈಗಲೇ ಹೊರಡಿ ಎಂದು ಚೀಟಿ ಬರೆದುಕೊಟ್ಟರು. ಮೈಸೂರು, ಅಲ್ಲಿಂದ ಬೆಂಗಳೂರು. ರೈಲು ಮಾರ್ಗವೇ ಇಲ್ಲದ ಜಿಲ್ಲೆ ನಮ್ಮದು. ಇನ್ನೂರು ಕಿಲೋಮೀಟರಿಗೂ ಮೀರಿದ ಆ ದಾರಿಯನ್ನು ತಂಗಿ, ಅವಳ ಗಂಡ ಮತ್ತು ನಾನು ಸರದಿಯ ಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಬಸ್ಸಿನಲ್ಲಿ ಸವೆಸಿದೆವು. ಮೂಳೆಮಜ್ಜೆಯ ಪರೀಕ್ಷೆಯಾದ ಮೇಲೆ, ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರ್ ಇದು, ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂದು ಹೆಸರು, ಗುಣವಾಗುವ ಸಾಧ್ಯತೆಯೇ ಹೆಚ್ಚು ಎಂದು ವೈದ್ಯರು ಹೇಳಿದರು. ಕ್ಯಾನ್ಸರ್ ಎಂಬ ಮಾತಿನ ಹಿಂದೆಯೇ ‘ಗುಣವಾಗುತ್ತದೆ’ ಎಂಬ ಮಾತು ಬಂದದ್ದನ್ನು ನಾವು ಮೊದಲಿಗೆ ನಂಬಲಿಲ್ಲ. ಅಪ್ಪನ ಸಲ ಯಾರೂ ಹಾಗೆ ಹೇಳಿರಲಿಲ್ಲವಲ್ಲ.

ಲೆಕ್ಕದ ಅಭ್ಯಾಸ ಇರುವವಳಾದ್ದರಿಂದ ಅವನ ಔಷಧಿಗಳ ಹೆಸರು, ಪ್ರಮಾಣ, ತಾರೀಖುಗಳನ್ನು ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡುವ ಕೆಲಸ ನನ್ನ ಪಾಲಿಗೆ ಬಂತು. ವಿನ್‌ಕ್ರಿಸ್ಟಿನ್, ಆಸ್ಪರಾಜಿನೇಸ್, ಪ್ರೆಡ್ನಿಸೊಲೋನ್, ಮೆಥೊಟ್ರೆಕ್ಸೇಟ್, ಮರ್ಕ್ಯಾಪ್ಟೊಪ್ಯೂರಿನ್. ಆಸ್ಪತ್ರೆಯ ಹತ್ತಿರದ ಛತ್ರದಲ್ಲಿ ನಿದ್ದೆ ಬಾರದ ರಾತ್ರಿಗಳಲ್ಲಿ ಈ ಹೆಸರುಗಳ ಜಾಡು ಹಿಡಿದು ಓದುತ್ತಾ ಹೋದೆ. ನನ್ನ ಓಟದ ಕಾರಣ ನಿಜವಾಗಿ ಹುಟ್ಟಿದ್ದು ಅಲ್ಲಿ.

ಮೆಥೊಟ್ರೆಕ್ಸೇಟ್‌ನ ಹಿಂದಿನ ಕಥೆ ನಮ್ಮ ದೇಶದಲ್ಲೇ ಶುರುವಾಗುತ್ತದೆ. ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದು, ಬಟ್ಟೆ ಗಿರಣಿಯ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ಒಂದು ಬಗೆಯ ರಕ್ತಹೀನತೆಗೆ ಕಾರಣ ಹುಡುಕುತ್ತಿದ್ದರು. ಯೀಸ್ಟ್‌ನಿಂದ ಮಾಡಿದ ಒಂದು ಆಹಾರವನ್ನು ಕೊಟ್ಟರೆ ಅದು ವಾಸಿಯಾಗುತ್ತದೆ ಎಂದು ಅವರು ಕಂಡುಕೊಂಡರು. ಅದರಲ್ಲಿದ್ದ ಅಂಶವೇ ಮುಂದೆ ಫೋಲಿಕ್ ಆಮ್ಲ ಎಂದು ಗುರುತಾಯಿತು. ಆಂಧ್ರದ ಭೀಮಾವರಂನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಫೋಲಿಕ್ ಆಮ್ಲವನ್ನೂ, ಕಣಗಳು ಬೆಳೆಯಲು ಬೇಕಾದ ಅದರ ಕೆಲಸಕ್ಕೆ ಅಡ್ಡಿಮಾಡುವ ರಾಸಾಯನಿಕಗಳನ್ನೂ ತಯಾರಿಸಿತು. ಅಂಥ ಒಂದನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಲ್ಯುಕೇಮಿಯಾ ಬಂದ 16 ಮಕ್ಕಳಿಗೆ ಕೊಟ್ಟು ನೋಡಿ, ಅವರಲ್ಲಿ 10 ಮಕ್ಕಳು ಚೇತರಿಸಿಕೊಂಡುದನ್ನು 1948ರಲ್ಲಿ ಪ್ರಕಟಿಸಿದರು. ಆ ಚೇತರಿಕೆ ತಿಂಗಳುಗಳ ಮಟ್ಟಿನದು, ಕಾಯಿಲೆ ಮರಳಿ ಬರುತ್ತಿತ್ತು. ಆದರೂ ಕಿಮೊಥೆರಪಿಯಿಂದ ಈ ಕಾಯಿಲೆಯನ್ನು ಹಿಮ್ಮೆಟ್ಟಿಸಬಹುದು ಎಂಬುದು ಗೊತ್ತಾಯಿತು. ಸುಬ್ಬರಾವ್ ಅದೇ ವರ್ಷ ತೀರಿಕೊಂಡರು. ಅವರ ತಂಡದ ಇನ್ನೊಂದು ರಾಸಾಯನಿಕವೇ ನಮ್ಮ ಹುಡುಗ ವಾರಕ್ಕೊಮ್ಮೆ ನುಂಗುತ್ತಿದ್ದ ಹಳದಿ ಮಾತ್ರೆ.

ಪ್ರತಿ ರಾತ್ರಿ ಕೊಡುತ್ತಿದ್ದ ಮರ್ಕ್ಯಾಪ್ಟೊಪ್ಯೂರಿನ್ ಅನ್ನು ರೂಪಿಸಿದವರು ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್. ಎಲಿಯನ್ ಹದಿನೈದರ ಹುಡುಗಿಯಾಗಿದ್ದಾಗ ಅವರ ಅಜ್ಜ ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ವಿಜ್ಞಾನ ಓದಲು ಅದೇ ಪ್ರೇರಣೆ ಎಂದು ಅವರು ಹೇಳಿಕೊಂಡಿದ್ದಾರೆ. ಪಿಎಚ್‌.ಡಿ. ಪದವಿಯಿಲ್ಲದ ಆಕೆಗೆ 1988ರಲ್ಲಿ ನೊಬೆಲ್ ಬಂತು. ಇನ್ನು ವಿನ್‌ಕ್ರಿಸ್ಟಿನ್ ಸಿಗುವುದು ನಮ್ಮ ಅಂಗಳಗಳಲ್ಲಿ ಯಾರೂ ನೆಡದೆಯೂ ಬೆಳೆಯುವ ನಿತ್ಯಪುಷ್ಪದ ಗಿಡದಿಂದ. ಅಂಗಳದ ಗಿಡದಲ್ಲೇ ಔಷಧಿಯಿದೆ ಎಂದು ಎಲೆ ಅರೆದು ಕುಡಿಸಲು ಹೊರಡುವವರಿಗೆ ಒಂದು ಮಾತು ಹೇಳಬೇಕು: ಆ ಗಿಡ ವಿಷಕಾರಿ, ಮತ್ತು ಒಂದಿಷ್ಟು ಔಷಧಿ ತೆಗೆಯಲು ರಾಶಿರಾಶಿ ಎಲೆ ಬೇಕು.

ಈ ಔಷಧಿಗಳಲ್ಲಿ ಯಾವುದೂ ಒಂಟಿಯಾಗಿ ಕಾಯಿಲೆಯನ್ನು ಗೆಲ್ಲಲಿಲ್ಲ. 1962ರಿಂದ ಅಮೆರಿಕದ ಮೆಂಫಿಸ್ ನಗರದ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಮತ್ತವರ ಸಂಗಡಿಗರು ಎಲ್ಲವನ್ನೂ ಸೇರಿಸಿ, ಕಾಯಿಲೆಯ ಕಣಗಳು ಮಿದುಳು ಮತ್ತು ಬೆನ್ನುಹುರಿಯ ದ್ರವದಲ್ಲಿ ಅಡಗಿ ಕುಳಿತು ಮರಳುತ್ತವೆ ಎಂಬುದನ್ನು ಗಮನಿಸಿ ಅಲ್ಲಿಗೂ ಚಿಕಿತ್ಸೆ ಸೇರಿಸಿ, ಒಂದು ಕ್ರಮದ ನಂತರ ಇನ್ನೊಂದು ಕ್ರಮವನ್ನು ಪರೀಕ್ಷಿಸುತ್ತಾ ಹೋದಾಗ, ಆ ದಶಕದ ಕೊನೆಯ ಹೊತ್ತಿಗೆ ಅರ್ಧದಷ್ಟು ಮಕ್ಕಳು ಗುಣವಾಗುವ ಹಂತ ಬಂತು. ಈಗ ಮುಂದುವರಿದ ದೇಶಗಳಲ್ಲಿ ಅದು ನೂರಕ್ಕೆ 90ರ ಆಸುಪಾಸಿನಲ್ಲಿದೆ. ನಮ್ಮ ಹುಡುಗನ ಬೆನ್ನಿಗೆ ಸೂಜಿ ಹಾಕುವಾಗಲೆಲ್ಲ ತಂಗಿ ಹೊರಗೆ ಓಡಿಹೋಗುತ್ತಿದ್ದಳು, ನಾನು ಅವನ ಕೈ ಹಿಡಿದು ನಿಲ್ಲುತ್ತಿದ್ದೆ. ಆ ಸೂಜಿ ಏಕೆಂದು ಗೊತ್ತಿದ್ದುದರಿಂದ ನಿಲ್ಲಲು ಸಾಧ್ಯವಾಯಿತು.

ಓದುತ್ತಾ ಹೋದಂತೆ ಔಷಧಿ ಕಂಡುಹಿಡಿದವರಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದವರು ಬೇರೆ. ಫಾರ್ಬರ್ ಕಾಲದ ಆ ಮಕ್ಕಳ, ಪಿಂಕೆಲ್ ಕಾಲದ ಆ ಮಕ್ಕಳ ತಂದೆತಾಯಂದಿರು. ತಮ್ಮ ಮಗುವಿಗೆ ಪ್ರಯೋಜನವಾಗುತ್ತದೋ ಇಲ್ಲವೋ ತಿಳಿಯದೆ, ಹೊಸ ಕ್ರಮವನ್ನು ಪ್ರಯತ್ನಿಸಲು ಒಪ್ಪಿದವರು ಅವರು. ಅವರಲ್ಲಿ ಬಹುಪಾಲು ಜನರ ಮಕ್ಕಳು ಉಳಿಯಲಿಲ್ಲ. ಅವರಿಂದ ಕಲಿತದ್ದು ನಮ್ಮ ಹುಡುಗನ ಚಿಕಿತ್ಸೆಯ ಚೀಟಿಯಲ್ಲಿ ಮಿಲಿಗ್ರಾಂಗಳಾಗಿ ಬರೆದಿತ್ತು. ಊರಿನವರ ಉಪಕಾರಕ್ಕೆ ಪ್ರತ್ಯುಪಕಾರ ಮಾಡುವ ದಾರಿ ನಮಗೆ ಗೊತ್ತಿದೆ. ಅವರ ಮನೆಯ ಕಷ್ಟಕ್ಕೆ ನಾವೂ ಹೋಗಿ ನಿಲ್ಲುತ್ತೇವೆ. ಹೆಸರು, ಊರು, ಭಾಷೆ ಯಾವುದೂ ತಿಳಿಯದ ಆ ಮನೆಗಳಿಗೆ ಹೋಗಿ ನಿಲ್ಲುವುದು ಹೇಗೆ?

ಚಿಕಿತ್ಸೆಯ ನಡುವೆ ಒಂದು ಕಂಟಕ ಬಂತು. ರಾತ್ರಿಯ ಮಾತ್ರೆಯನ್ನು ಅವನ ತೂಕ, ಎತ್ತರಕ್ಕೆ ಸರಿಯಾದ ಪ್ರಮಾಣದಲ್ಲೇ ಕೊಡುತ್ತಿದ್ದರೂ ಬಿಳಿ ರಕ್ತಕಣಗಳು ಪಾತಾಳಕ್ಕೆ ಇಳಿದುಬಿಟ್ಟವು, ಜ್ವರ ಬಂದು ಮತ್ತೆ ವಾರ್ಡಿಗೆ ಸೇರಿಸಬೇಕಾಯಿತು. ವೈದ್ಯರು ಮಾತ್ರೆಯನ್ನು ಕೆಲಕಾಲ ನಿಲ್ಲಿಸಿ, ನಂತರ ಅರ್ಧಕ್ಕೂ ಕಡಿಮೆ ಪ್ರಮಾಣದಿಂದ ಶುರು ಮಾಡಿದರು. ಕಾರಣ ಕೇಳಿದಾಗ ಅವರು ವಿವರಿಸಿದ್ದು ಇದು: ಈ ಔಷಧಿಯನ್ನು ದೇಹ ಅರಗಿಸಿಕೊಳ್ಳುವ ರೀತಿ ಕೆಲವು ಜೀನ್‌ಗಳ ಮೇಲೆ ನಿಂತಿದೆ. ಯುರೋಪ್ ಮೂಲದವರಲ್ಲಿ ತೊಂದರೆ ಕೊಡುವ ವ್ಯತ್ಯಾಸ ಹೆಚ್ಚಾಗಿ ಟಿಪಿಎಂಟಿ ಎಂಬ ಜೀನ್‌ನಲ್ಲಿ ಇರುವುದು ಬಹಳ ಹಿಂದೆಯೇ ತಿಳಿದಿತ್ತು. ಏಷ್ಯಾದ ಜನರಲ್ಲಿ ಮುಖ್ಯವಾದದ್ದು ಎನ್‌ಯುಡಿಟಿ-15 ಎಂಬ ಬೇರೆಯೇ ಜೀನ್ ಎಂಬುದು ಗೊತ್ತಾದದ್ದು 2014-15ರ ಸುಮಾರಿಗೆ, ಅದೂ ಕೊರಿಯಾ ಮುಂತಾದ ಕಡೆಯ ರೋಗಿಗಳನ್ನು ಪರೀಕ್ಷಿಸಿದ ಮೇಲೆ. ಔಷಧಿ ಬಳಕೆಗೆ ಬಂದು ಅರವತ್ತು ವರ್ಷಗಳಾದ ಮೇಲೆ! ಪಶ್ಚಿಮದ ಮಕ್ಕಳ ಮೈಗೆ ಹೊಂದುವಂತೆ ಗೊತ್ತುಮಾಡಿದ ಪ್ರಮಾಣ ನಮ್ಮ ಎಲ್ಲ ಮಕ್ಕಳಿಗೂ ಹೊಂದುವುದಿಲ್ಲ ಎಂಬುದನ್ನು ಕಂಡುಕೊಳ್ಳಲು ನಮ್ಮ ಕಡೆಯ ಮಕ್ಕಳನ್ನೇ ನೋಡಬೇಕು. ಸಂಶೋಧನೆಯನ್ನು ಶ್ರೀಮಂತ ದೇಶದವರು ಮಾಡಲಿ, ನಾವು ಔಷಧಿ ಕೊಂಡರಾಯಿತು ಎಂಬ ನನ್ನ ಅಣ್ಣನ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿದಿಲ್ಲ. ಅದೇ ಸಮಯದಲ್ಲಿ, ಪರೀಕ್ಷೆಗೆ ತೆಗೆದು ಉಳಿದ ರಕ್ತವನ್ನು ಅಧ್ಯಯನಕ್ಕೆ ಬಳಸಬಹುದೇ ಎಂದು ಕೇಳುವ ಕನ್ನಡದ ಒಪ್ಪಿಗೆ ಪತ್ರವೊಂದು ತಂಗಿಯ ಮುಂದೆ ಬಂತು. ಅವಳು ಎರಡು ಸಲ ಓದಿ ಸಹಿ ಹಾಕಿದಳು.

ಹುಡುಗ ಈಗ ಎಂಟನೆಯ ತರಗತಿಯಲ್ಲಿದ್ದಾನೆ. ವರ್ಷಕ್ಕೊಮ್ಮೆ ತಪಾಸಣೆಗೆ ಹೋಗುತ್ತಾನೆ. ಹಾಕಿ ಆಡುತ್ತಾನೆ, ಪಾಠದಲ್ಲಿ ಅಷ್ಟಕ್ಕಷ್ಟೆ.

ಓಟದ ಭಿತ್ತಿಪತ್ರವನ್ನು ನಾನು ಕಂಡದ್ದು ಕುಶಾಲನಗರದ ಬಸ್ ನಿಲ್ದಾಣದಲ್ಲಿ. ಅದರ ಕೆಳಗೆ ಕೆನಡಾದ ಟೆರಿ ಫಾಕ್ಸ್ ಅವರ ಬಗ್ಗೆ ನಾಲ್ಕು ಸಾಲು ಇತ್ತು. ಮೂಳೆಯ ಕ್ಯಾನ್ಸರ್‌ನಿಂದ 1977ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ ಬಲಗಾಲನ್ನು ಮಂಡಿಯ ಮೇಲಿನಿಂದ ಕಳೆದುಕೊಂಡ ಈ ಯುವಕ, 1980ರ ಏಪ್ರಿಲ್ 12ರಂದು ಕೃತಕ ಕಾಲಿನಲ್ಲಿ ತನ್ನ ದೇಶವನ್ನು ಪೂರ್ವದಿಂದ ಪಶ್ಚಿಮಕ್ಕೆ ಓಡಿ ದಾಟಲು ಹೊರಟು, 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದ ಮೇಲೆ, ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದರಿಂದ ನಿಲ್ಲಿಸಬೇಕಾಯಿತು. ಮರುವರ್ಷ ಜೂನ್ 28ರಂದು ತೀರಿಕೊಂಡರು. ಇಷ್ಟು ಅನೇಕರಿಗೆ ಗೊತ್ತಿರುತ್ತದೆ. ಅವರು ಸಂಶೋಧನೆಗೆಂದೇ ಏಕೆ ಓಡಿದರು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಕಾಯಿಲೆ ಪತ್ತೆಯಾದಾಗ ವೈದ್ಯರು ಬದುಕುವ ಸಾಧ್ಯತೆ ನೂರಕ್ಕೆ 50 ಎಂದಿದ್ದರು. ಎರಡೇ ವರ್ಷ ಮೊದಲು ಬಂದಿದ್ದರೆ ಅದು ನೂರಕ್ಕೆ 15 ಆಗಿರುತ್ತಿತ್ತು ಎಂದೂ ಹೇಳಿದ್ದರು. ಆ ಎರಡು ಅಂಕಿಗಳ ನಡುವಿನ ಅಂತರ ಏನೆಂಬುದು ಆ ಹುಡುಗನಿಗೆ ಅರ್ಥವಾಯಿತು. ನಮ್ಮ ಮನೆಯಲ್ಲಿ ಅಪ್ಪನಿಗೂ ಮೊಮ್ಮಗನಿಗೂ ನಡುವೆ ಇದ್ದದ್ದು ಅದೇ ಅಂತರ. ಇಬ್ಬರಿಗೂ ಬಂದದ್ದಕ್ಕೆ ಜನ ಇಟ್ಟ ಹೆಸರು ಒಂದೇ. ಮೊಮ್ಮಗನ ಕಾಯಿಲೆಯ ಬಗ್ಗೆ ಎಪ್ಪತ್ತು ವರ್ಷಗಳಿಂದ ಪ್ರಶ್ನೆ ಕೇಳಿ ಉತ್ತರ ಪಡೆದವರಿದ್ದರು. ಅಜ್ಜನ ಕಾಯಿಲೆಯ ಬಗ್ಗೆ ಕೇಳಿದವರಿಗೆ ಉತ್ತರ ಇನ್ನೂ ದೊರೆತಿರಲಿಲ್ಲ.

ಹೆಸರು ಕೊಡುವ ಮುನ್ನ ಸಂಘಟಕರ ಬಳಿ ಹೋಗಿ ಲೆಕ್ಕ ಕೇಳಿದೆ. ಟೀ ಶರ್ಟು, ಪದಕ, ಶಾಮಿಯಾನ, ಧ್ವನಿವರ್ಧಕಗಳಿಗೇ ಅರ್ಧ ಹಣ ಹೋಗುವ ಸತ್ಕಾರ್ಯಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಪ್ರವೇಶ ಶುಲ್ಕದಿಂದ ನೀರು, ಬಾಳೆಹಣ್ಣು, ಆಂಬ್ಯುಲೆನ್ಸ್ ಖರ್ಚು. ರಸೀದಿ ಪುಸ್ತಕದಲ್ಲಿ ಬಂದ ದೇಣಿಗೆ ಪೂರ್ತಿಯಾಗಿ ಒಂದು ಸಾರ್ವಜನಿಕ ಕ್ಯಾನ್ಸರ್ ಸಂಸ್ಥೆಯ ಸಂಶೋಧನಾ ನಿಧಿಗೆ ಎಂದು ಬರವಣಿಗೆಯಲ್ಲಿ ಕೊಟ್ಟರು. ಟೀ ಶರ್ಟು ಬೇಕಾದವರು ಬೇರೆ ಹಣ ಕೊಟ್ಟು ತೆಗೆದುಕೊಳ್ಳಬೇಕು. ನಾನು ತೆಗೆದುಕೊಳ್ಳಲಿಲ್ಲ.

ಅಭ್ಯಾಸದ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ಇಸಿಜಿ ಮಾಡಿಸಿ, ರಕ್ತದೊತ್ತಡ ನೋಡಿಸಿಕೊಂಡು, ವೈದ್ಯರು ಹೇಳಿದಂತೆ ಮೂರು ನಿಮಿಷ ನಡಿಗೆ, ಒಂದು ನಿಮಿಷ ಓಟ ಎಂದು ಶುರು ಮಾಡಿ, ಮಳೆ ಹಿಂದಾದಂತೆ ಓಟವನ್ನು ಹೆಚ್ಚಿಸುತ್ತಾ ಹೋದೆ. ಹಾರಂಗಿ ರಸ್ತೆ ಓಡಲು ಚೆನ್ನಾಗಿದೆಯಾದರೂ, ಕೊಡಗಿನಲ್ಲಿ ಬೆಳಕು ಹರಿಯುವ ಮೊದಲು ಒಂಟಿಯಾಗಿ ಓಡುವುದು ಜಾಣತನವಲ್ಲ. ನಾಯಿಗೆ ಕೋಲು ಸಾಕು, ಆನೆಗೆ ಸಾಲದು. ಹಾಗಾಗಿ ಪೇಟೆಯ ಒಳಗಿನ ಮೈದಾನವೇ ಗತಿಯಾಯಿತು. ಅಲ್ಲಿ ವಾಲಿಬಾಲ್ ಆಡುವ ಹುಡುಗರು ಮೊದಲು ನಕ್ಕರು, ಆಮೇಲೆ ಸುತ್ತು ಎಣಿಸಿಕೊಟ್ಟರು. ಮಡಿಕೇರಿ ಕುಶಾಲನಗರಕ್ಕಿಂತ ಸುಮಾರು ಮುನ್ನೂರು ಮೀಟರ್ ಎತ್ತರದಲ್ಲಿದ್ದು, ಅಲ್ಲಿ ಸಮತಟ್ಟಾದ ರಸ್ತೆ ಎಂಬುದೇ ಇಲ್ಲವಾದ್ದರಿಂದ, ಭಾನುವಾರಗಳಂದು ತಂಗಿಯೊಡನೆ ಬಸ್ಸಿನಲ್ಲಿ ಹೋಗಿ ರಾಜಾಸೀಟ್ ಕಡೆಯ ಏರುಗಳಲ್ಲಿ ಉಸಿರು ಕಟ್ಟಿಸಿಕೊಂಡು ಬರುತ್ತಿದ್ದೆ.

ಓಡುವುದಕ್ಕಿಂತ ಕಷ್ಟವಾದದ್ದು ಕೇಳುವುದು. ನಮ್ಮಲ್ಲಿ ರೋಗಿಗೆಂದರೆ ಕೈ ಹಿಂದೆಗೆಯುವವರಿಲ್ಲ. ಸಂಶೋಧನೆ ಎಂದೊಡನೆ ಮುಖ ಬದಲಾಗುತ್ತದೆ. ಸುಂಟಿಕೊಪ್ಪದ ಕಡೆ ತೋಟ ಮಾಡಿಕೊಂಡಿರುವ ನಿವೃತ್ತ ಸೈನ್ಯಾಧಿಕಾರಿಯೊಬ್ಬರು, ನಮ್ಮಲ್ಲಿಗೇ ಕಾಫಿ ಕಳುಹಿಸುವವರು, ರಸೀದಿ ಪುಸ್ತಕವನ್ನು ತಿರುವಿ ನೋಡಿ ಹೇಳಿದರು:

“ನೋಡಮ್ಮ, ಕಾಯಿಲೆಯವರು ಯಾರಾದರೂ ಇದ್ದರೆ ಹೇಳು, ಈಗಲೇ ಚೆಕ್ ಬರೆಯುತ್ತೇನೆ. ಈ ಸಂಶೋಧನೆಗೆಲ್ಲ ಸರ್ಕಾರ ಇದೆಯಲ್ಲ.”

“ಸರ್, ನಿಮ್ಮ ಅರೇಬಿಕಾ ಯಾವ ತಳಿ?” ಎಂದು ಕೇಳಿದೆ.

“ಎಸ್. 795. ನಮ್ಮ ತಂದೆಯ ಕಾಲದ್ದು.”

ಅಲ್ಲಿಂದ ಮಾತು ಸುಲಭವಾಯಿತು. ಎಲೆ ತುಕ್ಕು ರೋಗ ಅರೇಬಿಕಾ ತೋಟಗಳನ್ನು ತಿಂದುಹಾಕುತ್ತಿದ್ದ ಕಾಲದಲ್ಲಿ, ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರದವರು ವರ್ಷಗಟ್ಟಲೆ ತಳಿ ಕೂಡಿಸಿ, ಆಯ್ದು, 1940ರ ದಶಕದಲ್ಲಿ ಬೆಳೆಗಾರರಿಗೆ ಕೊಟ್ಟ ಗಿಡ ಅದು. ಆಗಲೇ ನಮ್ಮ ಚೆಟ್ಟಳ್ಳಿಯಲ್ಲೂ ಉಪಕೇಂದ್ರ ಬಂತು. ಕಾಲಕ್ರಮೇಣ ತುಕ್ಕು ರೋಗ ಹೊಸ ರೂಪ ತಾಳಿ ಆ ತಳಿಯನ್ನೂ ಹಿಡಿಯಿತು. ಮತ್ತೆ ಬೇರೆ ತಳಿ ಹುಡುಕಬೇಕಾಯಿತು. ಆದರೆ ಬಿಳಿ ಕಾಂಡಕೊರಕಕ್ಕೆ, ಅಂದರೆ ಬೆಳೆಗಾರರು ಬೋರರ್ ಎನ್ನುವ ಹುಳುವಿಗೆ, ಇಂದಿಗೂ ಪೂರ್ಣ ಪರಿಹಾರ ಸಿಕ್ಕಿಲ್ಲ. ಹುಳು ಕಾಂಡದ ಒಳಗೆ ಇರುವಾಗ ಹೊರಗೆ ಹೆಚ್ಚೇನೂ ಕಾಣುವುದಿಲ್ಲ. ಎಲೆ ಹಳದಿಯಾಗಿ ಬಾಡುವಷ್ಟರಲ್ಲಿ ಗಿಡ ಕಿತ್ತು ಸುಡುವುದೊಂದೇ ದಾರಿ. ತುಕ್ಕು ರೋಗದಂಥದ್ದು ನಮ್ಮ ಹುಡುಗನ ಕಾಯಿಲೆ, ಕೊರಕದಂಥದ್ದು ಅಪ್ಪನ ಕಾಯಿಲೆ, ಎರಡನೆಯದಕ್ಕೂ ಒಂದು ಚೆಟ್ಟಳ್ಳಿ ಬೇಕಲ್ಲವೇ ಸರ್ ಎಂದೆ. ಬೋರರ್ ಬಿದ್ದು ಹೋದ ಗಿಡಗಳ ಲೆಕ್ಕವನ್ನು ಅವರು ಸ್ವಲ್ಪ ಹೊತ್ತು ನನಗೆ ಹೇಳಿದರು. ಚೆಕ್ ಬರೆದರು. ಸರ್ಕಾರ ಇದೆಯಲ್ಲ ಎಂಬ ಮಾತನ್ನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ. ಅದರಲ್ಲಿ ತಪ್ಪೂ ಇಲ್ಲ. ಸಂಶೋಧನೆಯ ದೊಡ್ಡ ಖರ್ಚನ್ನು ಸರ್ಕಾರವೇ ಹೊರಬೇಕು, ನಮ್ಮ ರಸೀದಿ ಪುಸ್ತಕ ಅದರ ಬದಲಿಗೆ ಬಂದದ್ದಲ್ಲ.

ನಮ್ಮ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಳು ಆರಿಸುವ ಹೆಂಗಸರ ಬಳಿ ನಾನು ಪುಸ್ತಕ ತೆಗೆದುಕೊಂಡು ಹೋಗಿರಲಿಲ್ಲ. ದಿನಗೂಲಿಯವರಿಂದ ಕೇಳಬಾರದೆಂದು ಇದ್ದೆ. ಅವರೇ ಕರೆದು, ಅಕ್ಕ, ನಮಗೆ ಏಕೆ ಹೇಳಲಿಲ್ಲ ಎಂದು ಕೇಳಿದರು. ಅವರಿಗೆ ನಾನು ಹೇಳಿದ್ದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಕೊಳೆಗೇರಿಗಳಲ್ಲಿ ನಡೆಸಿದ ಅಧ್ಯಯನದ ಬಗ್ಗೆ. 35ರಿಂದ 64 ವರ್ಷದ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಗರ್ಭಕೋಶದ ಕೊರಳನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ತೆಳುವಾದ ವಿನೆಗರ್ ಹಚ್ಚಿ ಬರಿಗಣ್ಣಿನಿಂದ ಪರೀಕ್ಷಿಸಿದರು. ಬಿಳಿಯಾದ ಮಚ್ಚೆ ಕಂಡರೆ ಆಸ್ಪತ್ರೆಗೆ. ಹನ್ನೆರಡು ವರ್ಷ ಗಮನಿಸಿದಾಗ ಆ ಗುಂಪಿನಲ್ಲಿ ಗರ್ಭಕೋಶದ ಕೊರಳಿನ ಕ್ಯಾನ್ಸರ್‌ನಿಂದಾದ ಸಾವು ನೂರಕ್ಕೆ 31ರಷ್ಟು ಕಡಿಮೆಯಾಗಿತ್ತು. ಸಂಶೋಧನೆಯೆಂದರೆ ಗಾಜಿನ ಕೋಣೆಯಲ್ಲಿ ಬಿಳಿ ಕೋಟು ಹಾಕಿಕೊಂಡವರು ಮಾಡುವುದು ಮಾತ್ರವಲ್ಲ, ಒಬ್ಬ ಆರೋಗ್ಯ ಕಾರ್ಯಕರ್ತೆ ಮತ್ತು ಒಂದು ಬಾಟಲಿ ವಿನೆಗರ್ ಸಾಕೇ ಎಂದು ಕೇಳಿ ನೋಡುವುದೂ ಸಂಶೋಧನೆಯೇ ಎಂದಾಗ ಅವರಿಗೆ ಅರ್ಥವಾಯಿತು. ಹತ್ತು, ಇಪ್ಪತ್ತರ ನೋಟುಗಳು ಬಂದವು. ಒಬ್ಬೊಬ್ಬರಿಗೂ ಪ್ರತ್ಯೇಕ ರಸೀದಿ ಬರೆದುಕೊಟ್ಟೆ. ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕೋಶದ ಕೊರಳಿನ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವೆಂದು ಹೇಳಿದಾಗ, ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸಿ ದವಡೆಯಲ್ಲಿ ಇಟ್ಟುಕೊಂಡಿದ್ದ ಒಬ್ಬ ಹಿರಿಯಾಕೆ ಎದ್ದು ಹೊರಗೆ ಹೋಗಿ ಉಗಿದು ಬಂದರು. ಅಡಿಕೆಯೂ ಕ್ಯಾನ್ಸರ್‌ಕಾರಕ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಬಹಳ ಹಿಂದೆಯೇ ಖಚಿತಪಡಿಸಿದೆ. ಅಡಿಕೆ ಬೆಳೆಯುವ ನಮ್ಮ ನಾಡಿನಲ್ಲಿ ಇದನ್ನು ಗಟ್ಟಿಯಾಗಿ ಹೇಳುವವರು ಕಡಿಮೆ. ಮದ್ಯದ ವಿಷಯವೂ ಹಾಗೆಯೇ. ಕೊಡಗಿನಲ್ಲಿ ಅದನ್ನು ಹೇಳಿ ದೇಣಿಗೆ ಪಡೆಯುವ ಧೈರ್ಯ ನನಗೂ ಬರಲಿಲ್ಲ.

ಓಟ ನಡೆದದ್ದು ನವೆಂಬರಿನ ಒಂದು ಭಾನುವಾರ. ಜನರಲ್ ತಿಮ್ಮಯ್ಯ ಕ್ರೀಡಾಂಗಣದಲ್ಲಿ ಮಂಜು ಎಷ್ಟಿತ್ತೆಂದರೆ ಹಸಿರು ಬಾವುಟ ತೋರಿಸಿದವರು ನಮಗೆ ಕಾಣಲಿಲ್ಲ, ಶಿಳ್ಳೆ ಕೇಳಿ ಓಡಿದೆವು. ಮಾಜಿ ಸೈನಿಕರು, ಎನ್‌ಸಿಸಿ ಮಕ್ಕಳು, ದಾದಿಯರು, ಚಿಕಿತ್ಸೆ ಮುಗಿಸಿ ತಲೆಗೂದಲು ಈಗಷ್ಟೇ ಬರುತ್ತಿದ್ದ ಇಬ್ಬರು ಹೆಂಗಸರು. ಯಾರಿಗಾಗಿ ಓಡುತ್ತಿದ್ದೇವೋ ಅವರ ಹೆಸರನ್ನು ಬೆನ್ನಿಗೆ ಅಂಟಿಸಿಕೊಳ್ಳಲು ಒಂದು ಚೀಟಿ ಕೊಟ್ಟಿದ್ದರು. ತಂಗಿಯ ಮಗನನ್ನು ಕೇಳಿದ್ದಕ್ಕೆ, “ನನ್ನ ಹೆಸರು ಬೇಡ ದೊಡ್ಡಮ್ಮ, ನನಗೆ ವಾಸಿಯಾಗಿದೆಯಲ್ಲ, ಅಜ್ಜನದು ಬರಿ” ಎಂದ. ಅವನು ಹೇಳಿದಂತೆಯೇ ಮಾಡಿದೆ. ಮೊದಲ ಏರಿನಲ್ಲೇ ಎಲ್ಲರೂ ನನ್ನನ್ನು ದಾಟಿಹೋದರು. ಕೊನೆಯ ಮೂರು ಕಿಲೋಮೀಟರನ್ನು ನಾನು ಬಹುಪಾಲು ನಡೆದೇ ಮುಗಿಸಿದೆ. ಬಹುಮಾನವಿಲ್ಲದ ಓಟವಾದ್ದರಿಂದ ಯಾರೂ ಹೊತ್ತು ಬರೆದುಕೊಳ್ಳಲಿಲ್ಲ.

ಹಣ ನಿಧಿಗೆ ಸೇರಿದ ದಾಖಲೆ ಬಂದ ಮೇಲೆ ಅದರ ಪ್ರತಿಯನ್ನು ದೇಣಿಗೆ ಕೊಟ್ಟವರಿಗೆಲ್ಲ ತಲುಪಿಸಿದೆ. ಕಾಳು ಆರಿಸುವ ಕೋಣೆಯ ಗೋಡೆಗೂ ಒಂದನ್ನು ಅಂಟಿಸಿದ್ದೇನೆ. ಸುಂಟಿಕೊಪ್ಪದ ಆ ಹಿರಿಯರು ಕನ್ನಡಕ ಹಾಕಿಕೊಂಡು ಓದಿ, “ಸರಿ, ಏನಾದರೂ ಕಂಡುಹಿಡಿದರೇನಮ್ಮ?” ಎಂದು ಕೇಳಿದರು. ಇಷ್ಟು ಬೇಗ ಆಗುವುದಿಲ್ಲ ಸರ್, ಹತ್ತು ವರ್ಷವೂ ಹಿಡಿಯಬಹುದು, ಇಪ್ಪತ್ತೂ ಹಿಡಿಯಬಹುದು, ಕೆಲವು ಸಲ ಏನೂ ಸಿಗದೆಯೂ ಹೋಗಬಹುದು ಎಂದೆ. ಬೋರರ್‌ಗೂ ನಮ್ಮ ತಂದೆಯ ಕಾಲದಿಂದ ಹುಡುಕುತ್ತಲೇ ಇದ್ದಾರೆ ಎಂದು ಹೇಳಿ, ಮುಂದಿನ ವರ್ಷ ರಸೀದಿ ಪುಸ್ತಕ ತರುವಾಗ ಕೊಯ್ಲು ಮುಗಿದ ಮೇಲೆ ಬಾ, ನವೆಂಬರಿನಲ್ಲಿ ಕೈಯಲ್ಲಿ ಕಾಸು ಇರುವುದಿಲ್ಲ ಎಂದರು. ಓಟದ ತಾರೀಖನ್ನು ಮಾರ್ಚಿಗೆ ಬದಲಾಯಿಸಲಾಗುತ್ತದೆಯೇ ಎಂದು ಸಂಘಟಕರಿಗೆ ಪತ್ರ ಬರೆದಿದ್ದೇನೆ.